ಹಂಡೆಗೆ ಉರಿ ಹಾಕುವವರು

ಮನೆ ತಣ್ಣಗಾಗುತ್ತಿದೆ ಅನ್ನುವ ಸುಳಿವು ಮೊದಲು ಕೊಟ್ಟಿದ್ದು ದೋಸೆ ಹಿಟ್ಟು. 2023ರ ಜನವರಿಯ ಕೊನೆಯ ವಾರ. ಟೊರಾಂಟೊದ ಚಳಿಗಾಲದಲ್ಲಿ ಹಿಟ್ಟು ಹುದುಗಿಸಲು ಇಲ್ಲಿ ನಾವೆಲ್ಲ ಮಾಡುವ ಉಪಾಯ ಒಂದೇ. ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಮಲಗುವುದು. ಅಮ್ಮನೂ ಹಾಗೇ ಮಾಡಿದ್ದಳು. ಹದಿನಾಲ್ಕು ಗಂಟೆ ಕಳೆದರೂ ಹಿಟ್ಟು ತಳ ಬಿಟ್ಟು ಏಳಲಿಲ್ಲ, ಒಂದು ಗುಳ್ಳೆಯೂ ಇಲ್ಲ. ಅಮ್ಮ ಬೆರಳದ್ದಿ ಮೂಸಿ ನೋಡಿ, "ಹುಳಿನೇ ಬಂದಿಲ್ಲ ಕಣೋ, ಹಿಟ್ಟಿಗೂ ಚಳಿ ಹಿಡ್ದಿದೆ" ಅಂದಳು.

ಅಮ್ಮ ಸಾಗರದ ಕಡೆಯ ಹಳ್ಳಿಯಿಂದ ಬಂದಿದ್ದು ನನ್ನ ಹೆಂಡತಿಯ ಬಾಣಂತನಕ್ಕೆ. ಪದ್ಧತಿಯಂತೆ ಅತ್ತೆಯವರು ಬರಬೇಕಿತ್ತು, ಆದರೆ ಅವರಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಮಗುವಿಗೆ ಐದು ವಾರ. ಅಮ್ಮನ ಬಾಣಂತನದ ನಿಯಮಗಳು ನಿಮಗೆ ಗೊತ್ತೇ ಇರುತ್ತವೆ: ಕಿವಿಗೆ ಬಟ್ಟೆ, ಮೈ ಸುಡುವಷ್ಟು ಬಿಸಿನೀರು, ಮಗುವಿನ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ. ಆ ಸಾಂಬ್ರಾಣಿ ಮೊದಲ ವಾರದಲ್ಲೇ ಹೊಗೆಯ ಅಲಾರಂ ಕೂಗಿಸಿ, ಕಟ್ಟಡದ ಸೂಪರ್ ಮೆಟ್ಟಿಲು ಹತ್ತಿ ಓಡಿಬರುವಂತೆ ಮಾಡಿತ್ತು. ಸೂಪರ್ ಅಂದರೆ ಇಲ್ಲಿ ಕಟ್ಟಡ ನೋಡಿಕೊಳ್ಳುವ ಸೂಪರಿಂಟೆಂಡೆಂಟ್. ನೆಲಮಹಡಿಯಲ್ಲೇ ಸಂಸಾರ ಸಮೇತ ಇರುವ, ಗಯಾನಾ ಮೂಲದ ಮನುಷ್ಯ. ಹೊಗೆಯ ವಾಸನೆ ಹಿಡಿದವರೇ "ನಮ್ಮಜ್ಜಿಯೂ ಇದನ್ನೇ ಹಾಕುತ್ತಿದ್ದರು" ಅಂದು ನಕ್ಕು, ಕಿಟಕಿ ತೆರೆದು ಹೋಗಿದ್ದರು. ಮುಂದಿನ ಕತೆಯಲ್ಲಿ ಇವರು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೆ ಈಗಲೇ ಹೇಳಿಟ್ಟೆ.

ನಮ್ಮದು ಸ್ಕಾರ್ಬರೋದಲ್ಲಿ, ಲಾರೆನ್ಸ್ ಅವೆನ್ಯೂ ಈಸ್ಟ್‌ನ ಹತ್ತಿರ, ಅರವತ್ತರ ದಶಕದ ಹನ್ನೆರಡು ಮಹಡಿಯ ಹಳೇ ಕಟ್ಟಡ. ನಾವಿರುವುದು ಹನ್ನೊಂದರಲ್ಲಿ, ವಾಯವ್ಯದ ಮೂಲೆಯ ಮನೆ. ಬೇಸಿಗೆಯಲ್ಲಿ ಸಂಜೆಯ ಆಕಾಶ ನೋಡಲು ಅಂಥ ಜಾಗ ಇನ್ನೊಂದಿಲ್ಲ. ಚಳಿಗಾಲದಲ್ಲಿ ಗಾಳಿ ಬಡಿಯುವುದೂ ಅದೇ ಮೂಲೆಗೆ. ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆ, ಹೈಡ್ರೋ ಮಾತ್ರ ನಮ್ಮ ತಲೆಗೆ. ಒಂಟಾರಿಯೊದಲ್ಲಿ ಕರೆಂಟಿಗೆ ಹೈಡ್ರೋ ಅನ್ನುತ್ತಾರೆ, ನಯಾಗರದ ನೀರಿನಿಂದ ವಿದ್ಯುತ್ ತೆಗೆದ ಕಾಲದ ರೂಢಿ. ಹೊಸಬರಿಗೆ ಈ ಮಾತು ಅರ್ಥವಾಗಲು ತಿಂಗಳು ಹಿಡಿಯುತ್ತದೆ. ಲಿಂಗನಮಕ್ಕಿಯ ಪಕ್ಕದಲ್ಲಿ ಬದುಕಿದ ಅಮ್ಮನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. "ಹಂಗಾದ್ರೆ ನಮ್ದೂ ಹೈಡ್ರೋನೇ" ಅಂದಳು.

ಮನೆ ಬಿಸಿಯಾಗುವುದು ಹೇಗೆ ಅಂತಲೂ ಅವಳೇ ಕೇಳಿ ತಿಳಿದುಕೊಂಡಿದ್ದಳು. ನೆಲಮಾಳಿಗೆಯಲ್ಲಿ ದೊಡ್ಡ ಬಾಯ್ಲರ್, ಅದರಲ್ಲಿ ಕಾದ ನೀರನ್ನು ಪಂಪು ಮೇಲಕ್ಕೆ ತಳ್ಳುತ್ತದೆ, ಪ್ರತಿ ಮನೆಯ ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಇರುವ ತಗಡಿನ ಪೆಟ್ಟಿಗೆಯೊಳಗಿನ ಕೊಳವೆಯಲ್ಲಿ ಆ ನೀರು ಸುತ್ತಿ ವಾಪಸ್ ಇಳಿಯುತ್ತದೆ. ಅಮ್ಮನ ಲೆಕ್ಕದಲ್ಲಿ ಅದು ಬಚ್ಚಲು ಮನೆಯ ಹಂಡೆ. ಕೊಳವೆಯ ಮೇಲೆ ಅಂಗೈಯಿಟ್ಟು ನೋಡಿ, "ಹಂಡೆಗೆ ಉರಿ ಹಾಕೋರು ಯಾರೂ ಇಲ್ವಾ ಇವತ್ತು?" ಅಂತ ಕೇಳಿದಳು.

ಆ ವಾರ ನಾನು ಮಾಡಿದ್ದೆಲ್ಲ ತಪ್ಪೇ. ಮೊದಲು ಅಮ್ಮನಿಗೆ ಇನ್ನೊಂದು ಸ್ವೆಟರ್ ಕೊಟ್ಟೆ. ಹೆಂಡತಿಗೆ "ಎರಡು ದಿನ ಅಡ್ಜಸ್ಟ್ ಮಾಡ್ಕೊ" ಅಂದೆ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಸೂಪರ್‌ಗೆ ಚಳಿಯ ಬಗ್ಗೆ ಹೇಳಿದೆ, ಮೂರು ಸಲ, ಮೂರೂ ಸಲ ಬಾಯಿಮಾತಲ್ಲಿ. ಅವರು ಒಂದು ದಿನ ಪುಟ್ಟ ಕೀಲಿ ತಂದು ಕೊಳವೆಯ ತುದಿಯ ತಿರುಪು ಸಡಿಲಿಸಿದರು. ಬುಸ್ಸೆಂದು ಗಾಳಿ ಹೊರಟು, ಹಿಂದೆಯೇ ಕಷಾಯದ ಬಣ್ಣದ ನೀರು ಬಂತು. "ಮೇಲಿನ ಮಹಡಿಗಳಲ್ಲಿ ಗಾಳಿ ಸೇರಿಕೊಳ್ಳುತ್ತೆ, ಬ್ರದರ್" ಅಂದರು. ಒಂದು ದಿನ ಬೆಚ್ಚಗಿತ್ತು. ಮಾರನೇ ದಿನ ಮತ್ತೆ ಅದೇ ಕತೆ.

ದಾರಿ ತೋರಿಸಿದ್ದು ಎದುರುಮನೆಯ ಅಕ್ಕ. ಜಾಫ್ನಾದವರು, 1991ರಿಂದ ಸ್ಕಾರ್ಬರೋದಲ್ಲಿದ್ದಾರೆ. ಅಮ್ಮನಿಗೆ ತಮಿಳು ಬಾರದು, ಅಕ್ಕನಿಗೆ ಕನ್ನಡ ಬಾರದು, ಆದರೂ ಇಬ್ಬರೂ ದಿನಕ್ಕೊಂದು ಗಂಟೆ ಮಾತಾಡುತ್ತಿದ್ದರು. ಮಗುವನ್ನು ನೋಡಲು ಬಂದ ಅಕ್ಕ ಕೋಟು ತೆಗೆಯದೆ ಕೂತು, "ಮನೆ ಎಷ್ಟಿದೆ?" ಅಂತ ಕೇಳಿದರು.

"ತುಂಬಾ ಚಳಿ ಇದೆ ಅಕ್ಕಾ."

"ತುಂಬಾ ಅನ್ನೋದು ನಂಬರ್ ಅಲ್ಲ, ತಂಬಿ."

ಎದ್ದು ಹೋಗಿ ಅವರ ಮನೆಯಿಂದ ಒಂದು ಥರ್ಮಾಮೀಟರ್ ತಂದರು. ಅಂಗೈಯಗಲದ್ದು, ಬೂದು ಪರದೆಯಲ್ಲಿ ಕಪ್ಪು ಅಂಕಿ. ಹಾಲಿನ ಮಧ್ಯೆ ಸ್ಟೂಲಿನ ಮೇಲಿಟ್ಟು ನಾವು ನಾಲ್ವರೂ ಅದನ್ನೇ ನೋಡುತ್ತಾ ಕೂತೆವು, ಇಡ್ಲಿ ಬೆಂದಿತೋ ಅಂತ ಕಾಯುವವರ ಹಾಗೆ. 17.2.

ಟೊರಾಂಟೊ ನಗರದ ಬೈಲಾ ಪ್ರಕಾರ, ಹೀಟಿಂಗ್ ಮನೆಯೊಡೆಯನ ಹೊಣೆಯಾಗಿದ್ದರೆ, ಆಗ ಜಾರಿಯಲ್ಲಿದ್ದ ಲೆಕ್ಕದಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಮನೆಯೊಳಗೆ 21 ಡಿಗ್ರಿಗಿಂತ ಕಡಿಮೆಯಾಗುವ ಹಾಗಿಲ್ಲ. ಆರು ವರ್ಷ ಈ ಊರಲ್ಲಿದ್ದೂ ನನಗೆ ಆ ಅಂಕಿ ಗೊತ್ತಿರಲಿಲ್ಲ. ಅಕ್ಕ ಇನ್ನೂ ಒಂದು ವಿಷಯ ಹೇಳಿದರು. ಮೂರು ಮಹಡಿ ಅಥವಾ ಹೆಚ್ಚಿದ್ದು, ಹತ್ತು ಅಥವಾ ಹೆಚ್ಚು ಬಾಡಿಗೆ ಮನೆಗಳಿರುವ ಕಟ್ಟಡಗಳಿಗೆ ರೆಂಟ್‌ಸೇಫ್‌ಟಿಒ ಅನ್ನುವ ನಗರದ ಕಾರ್ಯಕ್ರಮ 2017ರಿಂದ ಇದೆ. ಅದರಂತೆ ಬಾಡಿಗೆದಾರರ ದೂರುಗಳನ್ನು ಕಟ್ಟಡದವರು ದಾಖಲೆ ಮಾಡಿಕೊಳ್ಳಲೇಬೇಕು. ಹೀಟಿಂಗ್, ನೀರು, ಕರೆಂಟಿನಂಥ ತುರ್ತು ದೂರಾದರೆ 24 ಗಂಟೆಯೊಳಗೆ, ಉಳಿದದ್ದಕ್ಕೆ ಏಳು ದಿನದೊಳಗೆ ಸ್ಪಂದಿಸಬೇಕು. ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಇದೆಲ್ಲ ಅಂಟಿಸಿತ್ತಂತೆ. ದಿನಾ ಅದರ ಮುಂದೆಯೇ ನಿಂತು ಫೋನ್ ನೋಡುತ್ತಿದ್ದವನು ನಾನು.

"ಲಿಫ್ಟಲ್ಲಿ ಹೇಳಿದ್ದು ಲಿಫ್ಟಲ್ಲೇ ಉಳಿಯುತ್ತೆ" ಅಂದರು ಅಕ್ಕ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಆವತ್ತೇ ಕಚೇರಿಗೆ ಇಮೇಲ್ ಹಾಕಿದೆ. ಹಿಂದೆ ಬಾಯಲ್ಲಿ ಹೇಳಿದ ಮೂರು ದಿನಗಳ ತಾರೀಖು ನೆನಪಿದ್ದಷ್ಟು ಸೇರಿಸಿ, ಮನೆಯಲ್ಲಿ ಹಸುಗೂಸು ಇದೆ ಅಂತಲೂ ಬರೆದು, ಥರ್ಮಾಮೀಟರಿನ ಫೋಟೋ ಲಗತ್ತಿಸಿದೆ. ಜೊತೆಗೆ ಎರಡು ಗೆರೆಯ ನೋಟ್‌ಬುಕ್ ಶುರುವಾಯಿತು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ರಾತ್ರಿಯದು ನನ್ನ ಪಾಳಿ, ಉಳಿದೆರಡು ಅಮ್ಮನದು. ಅಮ್ಮ ಅಂಕಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದಳು, ಪಕ್ಕದಲ್ಲಿ ಟಿಪ್ಪಣಿಯೂ ಇರುತ್ತಿತ್ತು: "೧೬.೯. ಪಡುವಲಿಂದ ಬಿಸಿಲು ಬಂತು. ಮಗು ಎರಡು ಸಲ ಸೀನಿತು." ಆಮೇಲೆ ಅದನ್ನೆಲ್ಲ ಇಂಗ್ಲಿಷ್ ಅಂಕಿಗೆ ಇಳಿಸಿಕೊಳ್ಳುವ ಕೆಲಸ ನನ್ನದಾಯಿತು. ಸೀನಿನ ಲೆಕ್ಕವನ್ನು ಕೈಬಿಟ್ಟೆ.

ಮರುದಿನ ಕಚೇರಿಯಿಂದ ಉತ್ತರ ಬಂತು. ಟೆಕ್ನೀಷಿಯನ್ ಸೋಮವಾರ ಬರುತ್ತಾರೆ, ಅಲ್ಲಿಯವರೆಗೆ ಎರಡು ಕರೆಂಟ್ ಹೀಟರ್ ಕಳಿಸುತ್ತೇವೆ ಅಂತ. ಹೀಟರ್ ಬಂದವು. ಉರಿಸಿದರೆ ಹೈಡ್ರೋ ಬಿಲ್ಲು ನಮ್ಮದು, ಹೀಟಿಂಗ್ ಮಾತ್ರ ಅವರದು. ಈ ಜಾಣತನವನ್ನು ಮೊದಲು ಗಮನಿಸಿದವಳೂ ಹೆಂಡತಿಯೇ. ವಾರದ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಏಳು, ಇದು ಚಳಿಗಾಲದಲ್ಲಿ ಕರೆಂಟಿನ ದುಬಾರಿ ಹೊತ್ತು. ಮಗುವಿನ ಸ್ನಾನದ ಹೊತ್ತೂ ಅದೇ. ಸಾಲದ್ದಕ್ಕೆ ಹೀಟರ್ ಮತ್ತು ಅನ್ನದ ಕುಕ್ಕರ್ ಒಟ್ಟಿಗೆ ಹಾಕಿದರೆ ಹಳೇ ಮನೆಯ ಬ್ರೇಕರ್ ಟಪ್ಪೆಂದು ಬೀಳುತ್ತಿತ್ತು. ಅನ್ನ ಬೇಕೋ ಬಿಸಿ ಬೇಕೋ ಅನ್ನುವ ಹಾಗಾಯಿತು.

ಫೆಬ್ರವರಿ 3, ಶುಕ್ರವಾರ. ಪೂರ್ವ ಕೆನಡಾದ ಮೇಲೆಲ್ಲ ಉತ್ತರ ಧ್ರುವದ ಗಾಳಿ ಇಳಿದ ದಿನ ಅದು. ರಾತ್ರಿ ಟೊರಾಂಟೊದಲ್ಲಿ ಮೈನಸ್ 20ರ ಆಸುಪಾಸು, ಗಾಳಿಯ ಲೆಕ್ಕ ಸೇರಿಸಿದರೆ ಇನ್ನೂ ಹತ್ತು ಡಿಗ್ರಿ ಕೆಳಗೆ. ಕಿಟಕಿಯ ಗಾಜಿನ ಒಳಮೈಯಲ್ಲಿ ತೇವ ಹೆಪ್ಪುಗಟ್ಟಿ, ಅಮ್ಮ ಉಗುರಲ್ಲಿ ಕೆರೆದರೆ ತುರಿದ ಕಾಯಿಯ ಹಾಗೆ ಉದುರುತ್ತಿತ್ತು. ಹತ್ತು ಗಂಟೆಯ ಓದು 15.8. ಎಲ್ಲರೂ ಮಲಗುವ ಕೋಣೆಗೆ ಸೇರಿ ಬಾಗಿಲ ಸಂದಿಗೆ ಟವೆಲ್ ತುರುಕಿದೆವು. ಅಮ್ಮ ಅಗ್ಗಿಷ್ಟಿಕೆ ಕೇಳಿದಳು. "ಒಂದಿಷ್ಟು ಕೆಂಡ ಸಿಕ್ಕಿದ್ರೆ ಸಾಕಿತ್ತು ಕಣೋ, ಬಾಣಂತಿ ಮಂಚದ ಕೆಳಗಿಟ್ಟಿದ್ರೆ ಬೆಳಗಾಗೋವರೆಗೂ ಬೆಚ್ಚಗಿರ್ತಿತ್ತು." ಮುಚ್ಚಿದ ಮನೆಯಲ್ಲಿ ಕೆಂಡ ಉಸಿರನ್ನೇ ನಿಲ್ಲಿಸುತ್ತದೆ ಅಂತ ಅವಳಿಗೆ ಹೇಳಿದೆ. ಹೆಂಚಿನ ಸಂದಿಯಿಂದ ಗಾಳಿಯಾಡುವ ಮನೆಯಲ್ಲಿ ಬೆಳೆದವಳಿಗೆ ಇದು ನಂಬುವ ಮಾತಾಗಿ ಕಾಣಲಿಲ್ಲ. ಓವನ್ ಹಚ್ಚಿ ಬಾಗಿಲು ತೆರೆದಿಡೋಣವೇ ಅಂತ ನನಗೂ ಒಂದು ಕ್ಷಣ ಅನ್ನಿಸಿತು. "ರೀ, ಅದೆಲ್ಲ ಬೇಡ. ಆ ಅಕ್ಕ ಹೇಳಿದ ನಂಬರಿಗೆ ಫೋನ್ ಮಾಡಿ" ಅಂದಳು ಹೆಂಡತಿ.

ಆ ನಂಬರ್ 311. ರಸ್ತೆಯ ಗುಂಡಿಯಿಂದ ಹಿಡಿದು ಕಸದ ಡಬ್ಬಿ ಮಗುಚುವ ರಕೂನ್‌ವರೆಗೆ ನಗರದ ಎಲ್ಲ ತಕರಾರಿಗೂ ಇದೇ ಬಾಗಿಲು, ಹಗಲೂ ರಾತ್ರಿ ತೆರೆದಿರುತ್ತದೆ. 180ಕ್ಕೂ ಹೆಚ್ಚು ಭಾಷೆಗಳಲ್ಲಿ ದುಭಾಷಿ ಸಿಗುತ್ತಾರೆ. ಕನ್ನಡದಲ್ಲಿ ಮಾತಾಡ್ತಾರಾ ಕೇಳು ಅಂತ ಅಮ್ಮ ಪಕ್ಕದಿಂದ ತಿವಿಯುತ್ತಿದ್ದಳು. ರಾತ್ರಿ ಹನ್ನೊಂದಕ್ಕೆ ಆ ಧೈರ್ಯ ನನಗಿರಲಿಲ್ಲ.

ಹತ್ತಿಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಹೆಂಗಸೊಬ್ಬರು ಸಿಕ್ಕರು. ಕೇಳಿದ ಪ್ರಶ್ನೆಗಳು ಇವು: ವಿಳಾಸ, ಮನೆ ನಂಬರ್, ಒಳಗೆ ಈಗ ಎಷ್ಟು ಡಿಗ್ರಿ, ಎಂದಿನಿಂದ, ಒಂದೇ ಮನೆಗೋ ಇಡೀ ಕಟ್ಟಡಕ್ಕೋ, ಕಟ್ಟಡದವರಿಗೆ ತಿಳಿಸಿದ್ದೀರಾ, ಯಾವಾಗ, ಹೇಗೆ. ಪ್ರತಿಯೊಂದಕ್ಕೂ ನೋಟ್‌ಬುಕ್ ನೋಡಿ ಉತ್ತರ ಹೇಳಿದೆ. ವಾರದ ಹಿಂದೆ ಇದೇ ಫೋನ್ ಮಾಡಿದ್ದರೆ "ತುಂಬಾ ಚಳಿ ಇದೆ ಮೇಡಂ" ಅನ್ನುವುದರಾಚೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಮನೆಯಲ್ಲಿ ಮಗು ಇದೆಯೇ, ವಯಸ್ಸಾದವರಿದ್ದಾರೆಯೇ ಅಂತಲೂ ಕೇಳಿದರು. ಐದು ವಾರದ್ದು ಒಂದು, ಅರವತ್ತೆಂಟು ವರ್ಷದ್ದು ಒಂದು ಅಂದೆ. ಕೊನೆಗೆ ಉದ್ದದ ಅಂಕಿಯೊಂದನ್ನು ನಿಧಾನವಾಗಿ ಹೇಳಿ, ಬರೆದುಕೊಳ್ಳಿ, ಈ ದೂರಿನ ಬಗ್ಗೆ ಏನು ಕೇಳುವುದಿದ್ದರೂ ಇದೇ ನಂಬರ್ ಹೇಳಿ ಅಂದರು. ಅಮ್ಮ ಅದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಗೆ ಬರೆದು, ಸುತ್ತ ಚೌಕ ಹಾಕಿದಳು.

ಶನಿವಾರ ಬೆಳಿಗ್ಗೆ ಮಗುವನ್ನು ಸುತ್ತಿಕೊಂಡು ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆವು. ಈ ಊರಿನ ಅತ್ಯಂತ ದೊಡ್ಡ ಉಪಕಾರ ಅದು ಅಂತ ನನ್ನ ಅಭಿಪ್ರಾಯ. ನೂರು ಶಾಖೆಗಳಿವೆ, ಒಳಗೆ ಬಂದವರನ್ನು ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಹೆಂಡತಿ ಹೀಟರ್ ಪಕ್ಕದ ಕುರ್ಚಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಹೋದಳು. ಆ ವಾರದಲ್ಲಿ ಅವಳು ನೆಟ್ಟಗೆ ಮಲಗಿದ್ದು ಅಲ್ಲೇ ಇರಬೇಕು.

ಮಧ್ಯಾಹ್ನ ಫೋನ್ ಬಂತು, ಬೈಲಾ ಅಧಿಕಾರಿ ಬರುತ್ತಿದ್ದಾರೆ ಅಂತ. ಬಂದವರು ಮೂವತ್ತರ ಹರೆಯದ ಹುಡುಗಿ, ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದರು. ಹೀಟರುಗಳನ್ನು ಆರಿಸಲು ಹೇಳಿ, ಸ್ವಲ್ಪ ಹೊತ್ತು ಕಾದು, ಕೋಣೆ ಕೋಣೆಯ ನಡುವೆ ನಿಂತು ತಮ್ಮ ಉಪಕರಣದಲ್ಲಿ ಅಳೆದರು. ಅವರದು 16.1, ಅಕ್ಕನ ಥರ್ಮಾಮೀಟರಿನದು 16.4. ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷವಾಯಿತು. ನೋಟ್‌ಬುಕ್ ತೋರಿಸಿದಾಗ ಅಮ್ಮನ ಕನ್ನಡ ಅಂಕಿಗಳ ಮೇಲೆ ಬೆರಳಿಟ್ಟು, ಇದು ಯಾವ ಲಿಪಿ ಅಂತ ಕೇಳಿ, ಆ ಪುಟಗಳ ಫೋಟೋ ತೆಗೆದುಕೊಂಡರು. ಅಮ್ಮ ಕಾಫಿ ತಂದಳು. ಡ್ಯೂಟಿಯಲ್ಲಿದ್ದೇನೆ, ತೆಗೆದುಕೊಳ್ಳುವ ಹಾಗಿಲ್ಲ ಅಂದರು. ಅವರು ಹೋದಮೇಲೆ ಆ ಕಾಫಿಯನ್ನು ತಾನೇ ಕುಡಿಯುತ್ತಾ ಅಮ್ಮ, "ತಾಲೂಕಾಫೀಸಿನವ್ರು ಬಂದು ಕಾಫಿ ಬೇಡ ಅಂದಿದ್ದು ನಾನು ಇದೇ ಮೊದ್ಲು ನೋಡಿದ್ದು" ಅಂದಳು. ಮೆಚ್ಚುಗೆಯೋ ಬೇಸರವೋ ಗೊತ್ತಾಗಲಿಲ್ಲ.

ಹೊರಡುವ ಮೊದಲು ಅವರು ಇನ್ನೂ ಆರು ಮನೆ ಅಳೆದಿದ್ದರು. ಕಟ್ಟಡದವರಿಗೆ ಆದೇಶ ಹೋಗುತ್ತದೆ, ಗಡುವಿನೊಳಗೆ ಸರಿಮಾಡದಿದ್ದರೆ ನಗರವೇ ರಿಪೇರಿ ಮಾಡಿಸಿ ಆ ಖರ್ಚನ್ನು ಅವರ ಆಸ್ತಿ ತೆರಿಗೆಗೆ ಸೇರಿಸುವ ಅಧಿಕಾರವೂ ಇದೆ ಅಂತ ವಿವರಿಸಿದರು. ಸೋಮವಾರ ಬರಬೇಕಿದ್ದ ಟೆಕ್ನೀಷಿಯನ್ ಭಾನುವಾರವೇ ಬಂದರು. ಬಾಯ್ಲರ್ ಚೆನ್ನಾಗಿತ್ತಂತೆ, ಕೆಟ್ಟಿದ್ದು ನೀರು ತಳ್ಳುವ ಪಂಪು. ಅದಕ್ಕೇ ಮೂರನೇ ಮಹಡಿಯವರು ಬನಿಯನ್ನಿನಲ್ಲಿ ಓಡಾಡುತ್ತಿದ್ದರೆ ನಾವು ಕಂಬಳಿ ಹೊದ್ದಿದ್ದೆವು. ಅಮ್ಮ ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಉರಿ ಇತ್ತು, ನೀರು ಹೊತ್ತು ಹಾಕುವವರು ಇರಲಿಲ್ಲ.

ಹೊಸ ಪಂಪು ಬರಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ನನ್ನ ತಲೆ ಸರಿಯಿರಲಿಲ್ಲ. ಮಾರ್ಚ್ ಬಾಡಿಗೆ ಕಟ್ಟುವುದೇ ಇಲ್ಲ ಅಂತ ಲಾಬಿಯಲ್ಲಿ ಹತ್ತಾರು ಜನರೆದುರು ಘೋಷಿಸಿಬಿಟ್ಟೆ. ಅಕ್ಕ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಬಾಡಿಗೆ ನಿಲ್ಲಿಸಿದರೆ ತಪ್ಪು ನಿನ್ನದಾಗುತ್ತೆ, ಎನ್4 ಅನ್ನೋ ನೋಟಿಸ್ ಬಾಗಿಲಿಗೆ ಬರುತ್ತೆ, ಹದಿನಾಲ್ಕು ದಿನದಲ್ಲಿ ಕಟ್ಟು ಇಲ್ಲ ಖಾಲಿ ಮಾಡು ಅಂತ, ಆಮೇಲೆ ನೀನು ಹೀಟಿಂಗ್ ಬಿಟ್ಟು ಮನೆ ಉಳಿಸಿಕೊಳ್ಳೋಕೆ ಓಡಾಡ್ತೀಯ, ಅಂತ ಬೈದರು. ಉಚಿತ ಕಾನೂನು ಕ್ಲಿನಿಕ್ಕಿನ ವಕೀಲರೂ ಅದನ್ನೇ ಹೇಳಿದರು, ಬೈಯದೆ. ಬಾಡಿಗೆ ಕಟ್ಟುತ್ತಲೇ ಇರಿ, ಆದ ತೊಂದರೆಗೆ ಬಾಡಿಗೆಯಲ್ಲಿ ಕಡಿತ ಕೇಳುವುದಿದ್ದರೆ ಒಂದು ವರ್ಷದೊಳಗೆ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡಿಗೆ ಟಿ6 ಅರ್ಜಿ ಹಾಕಬಹುದು ಅಂದರು. ದೂರು ಕೊಟ್ಟರೆಂಬ ಕಾರಣಕ್ಕೆ ಯಾರನ್ನೂ ಮನೆಯಿಂದ ಬಿಡಿಸುವ ಹಾಗಿಲ್ಲ ಅಂತಲೂ ಸಮಾಧಾನ ಹೇಳಿದರು. ಕಟ್ಟಡದ ಅರ್ಧ ಜನ ಬಾಯಿ ಬಿಡದಿರುವುದು ಅದೇ ಭಯಕ್ಕೆ.

ಫೆಬ್ರವರಿ 9, ಗುರುವಾರ ಸಂಜೆ. ಮಗುವಿಗೆ ಹಾಲು ಕುಡಿಸುತ್ತಿದ್ದ ಹೆಂಡತಿ ಕೈ ಎತ್ತಿ ಸದ್ದು ಮಾಡಬೇಡಿ ಅಂತ ಸನ್ನೆ ಮಾಡಿದಳು. ಕಿಟಕಿಯ ಕೆಳಗಿನಿಂದ ಟಿಕ್, ಟಿಕ್, ಟಿಕ್. ತಣ್ಣಗಿದ್ದ ತಗಡು ಬಿಸಿಗೆ ಹಿಗ್ಗುವ ಸದ್ದು. ಅಮ್ಮ ನೆಲದ ಮೇಲೆ ಕೂತು ಪೆಟ್ಟಿಗೆಗೆ ಬೆನ್ನು ಕೊಟ್ಟಳು, ಊಟಕ್ಕೆ ಕರೆದರೂ ಏಳಲಿಲ್ಲ. ರಾತ್ರಿ ಹತ್ತಕ್ಕೆ 22.1. ಮರುದಿನ ಸಂಜೆ ಮೇಯರ್ ಜಾನ್ ಟೋರಿ ರಾಜೀನಾಮೆ ಕೊಡುವುದಾಗಿ ಘೋಷಿಸಿದರು. ಟಿವಿಯಲ್ಲಿ ಅದೇ ಸುದ್ದಿ, ಫೋನಿನಲ್ಲೂ ಅದೇ. "ನಮ್ಮ ಫೋನಿಂದಲೇ ಏನಾದ್ರೂ ಆಯ್ತಾ?" ಅಂತ ಅಮ್ಮ ಗಾಬರಿಯಿಂದ ಕೇಳಿದಳು.

ಪರಿಹಾರದ ಕತೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ಟಿ6 ಅರ್ಜಿ ತುಂಬಿ ಅದರ ಪ್ರತಿ ಕಳಿಸಿದಾಗ ಕಚೇರಿಯವರು ಮಾತಿಗೆ ಬಂದು, ಹೈಡ್ರೋ ಬಿಲ್ಲಿನ ಹೆಚ್ಚುವರಿ 46 ಡಾಲರ್ ಮತ್ತು ಒಂದು ವಾರದ ಬಾಡಿಗೆಯನ್ನು ಏಪ್ರಿಲ್ ಲೆಕ್ಕದಲ್ಲಿ ಕಳೆದರು. ನಾನು ಒಪ್ಪಿಕೊಂಡೆ, ಅರ್ಜಿ ಹಾಕಲಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಒಬ್ಬಂಟಿ ಮುದುಕರಿದ್ದಾರೆ, ನಮಗಿಂತ ಹೆಚ್ಚು ನಡುಗಿದವರು. ಅವರು ಏನೂ ಬರೆದಿಟ್ಟಿರಲಿಲ್ಲ, ಯಾರಿಗೂ ಫೋನ್ ಮಾಡಿರಲಿಲ್ಲ. ಅವರಿಗೆ ಸಿಕ್ಕಿದ್ದು ಕ್ಷಮೆ ಕೇಳಿದ ಒಂದು ಪತ್ರ. ಎಲ್ಲರ ಪರವಾಗಿ ಒಂದೇ ಕಾಗದ ಬರೆಯೋಣ ಅಂತ ಅಕ್ಕ ಮೊದಲೇ ಹೇಳಿದ್ದರು. ಮಗು, ನಿದ್ದೆ, ಕೆಲಸ ಅಂತ ನಾನೇ ಮುಂದೆ ಹಾಕಿದ್ದು. ಈಗಲೂ ಲಿಫ್ಟಿನಲ್ಲಿ ಅವರು ಸಿಕ್ಕರೆ ಹವಾಮಾನದ ಮಾತು ಎತ್ತಲು ನನಗೆ ಮನಸ್ಸಾಗುವುದಿಲ್ಲ.

ಸೂಪರ್ ನನ್ನ ಮೇಲೆ ಮುನಿಸಿಕೊಂಡಿರಬಹುದು ಅಂತ ಕೊಂಚ ದಿನ ತಪ್ಪಿಸಿಕೊಂಡು ಓಡಾಡಿದೆ. ಒಂದು ಸಂಜೆ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಿಬಿದ್ದೆ. ಅವರೇ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ಆ ಪಂಪು ಬೇಕು ಅಂತ ನಾನು ನವೆಂಬರ್‌ನಿಂದ ಕೇಳ್ತಾ ಇದ್ದೆ, ಬ್ರದರ್" ಅಂದರು. ಯಾರಿಗೆ ಕೇಳಿದ್ದಿರಿ, ಹೇಗೆ ಅಂತ ಕೇಳಿದೆ. "ಫೋನಲ್ಲಿ" ಅಂದು ತಾವೇ ನಕ್ಕರು.

ಅಮ್ಮ ಮೇನಲ್ಲಿ ಊರಿಗೆ ಹೋದಳು. ಅಕ್ಕನ ಥರ್ಮಾಮೀಟರನ್ನು ಹಿಂದಿರುಗಿಸಿ, ಅಂಥದ್ದೇ ಎರಡು ಕೊಂಡಿದ್ದೆವು, ಒಂದು ಅವಳ ಸೂಟ್‌ಕೇಸಿನಲ್ಲಿ ಹೋಯಿತು. ಅದೀಗ ಊರಿನ ಬಚ್ಚಲು ಮನೆಯ ಗೋಡೆಯಲ್ಲಿ, ಹಂಡೆಯ ಪಕ್ಕ, ಮಸಿ ಹಿಡಿದು ನೇತಾಡುತ್ತಿದೆ. ಆ ವರ್ಷ ಸೆಪ್ಟೆಂಬರ್ ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಸೂಪರ್ ಕೈಯಲ್ಲಿ ಅದೇ ಪುಟ್ಟ ಕೀಲಿ, ಕಂಕುಳಲ್ಲಿ ಹೊಸದೊಂದು ಗೆರೆ ಪುಸ್ತಕ. ಹೀಟಿಂಗ್ ಶುರು ಮಾಡಿದ್ದೇವೆ, ಮೂಲೆ ಮನೆಯಿಂದಲೇ ಮೊದಲ ಓದು ತೆಗೆದುಕೊಳ್ಳೋಣ ಅಂತ ಬಂದೆ ಅಂದರು. ನಾನು ಸ್ಟೂಲು ಎಳೆದು ಹಾಲಿನ ಮಧ್ಯೆ ಇಟ್ಟೆ.